ಗುಡಿ ಕಲ್ಲಿನಿಂದ ಕೇರಿ ನಲ್ಲಿಯವರೆಗೆ

ಬ್ರಿಟಿಷರ ಕಂದಾಯದ ಪಾಠ ಮಾಡುವಾಗ ಒಂಬತ್ತನೇ ತರಗತಿ ಆಕಳಿಸುವುದು ನನಗೆ ಹೊಸದೇನಲ್ಲ. ಆ ಮಧ್ಯಾಹ್ನ ಮಾತ್ರ ಯಾಕೋ ತಡೆದುಕೊಳ್ಳಲಾಗಲಿಲ್ಲ. ಬಿಸಿಯೂಟ ಮುಗಿದಿತ್ತು, ಕರೆಂಟು ಹೋಗಿ ಫ್ಯಾನು ನಿಂತಿತ್ತು, ಕೊನೆಯ ಬೆಂಚಿನವನು ತೂಕಡಿಸಿ ಪಕ್ಕದವನ ಹೆಗಲ ಮೇಲೆ ಬಿದ್ದ. ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, "ಒಂದು ಗುಂಟೆ ಅಂದ್ರೆ ಎಷ್ಟು?" ಎಂದು ಕೇಳಿದೆ.

ತರಗತಿ ಎದ್ದು ಕೂತಿತು. ಕೊಪ್ಪ ಹೋಬಳಿಯ ಈ ಊರಿನಲ್ಲಿ ಗುಂಟೆಯ ಮಾತಾಡದ ಮನೆಯಿಲ್ಲ. "ನಮ್ದು ಮೂವತ್ತು ಗುಂಟೆ ಮಿಸ್." "ನಮ್ ದೊಡ್ಡಪ್ಪ ಎಲ್ಡು ಗುಂಟೆ ಒತ್ತರ್ಸವ್ರೆ ಮಿಸ್." ಜಗಳದ ಗುಂಟೆಗಳೆಲ್ಲ ಹೊರಗೆ ಬಂದವು. ಎದ್ದು ಬಂದು ಅಂಗಳದಲ್ಲಿ ಒಂದು ಗುಂಟೆ ಬರೆದು ತೋರಿಸಿ ಅಂದಾಗ ಮಾತ್ರ ಯಾರೂ ಮಿಸುಕಲಿಲ್ಲ.

ಅವರನ್ನು ಹೊರಗೆ ಕರೆದುಕೊಂಡು ಹೋಗಿ ನಾನೇ ಬರೆದೆ. ಮೈಸೂರು ಸೀಮೆಯನ್ನು ಇಂಗ್ಲಿಷ್ ಕಮಿಷನರುಗಳು ಆಳುತ್ತಿದ್ದಾಗ ಊರೂರಿಗೆ ಅಳತೆಯವರು ಬಂದರು, ಅವರ ಕೈಯಲ್ಲಿ ಮೂವತ್ಮೂರು ಅಡಿಯ ಸರಪಳಿ ಇತ್ತು, ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ ಎಂದು ವಿವರಿಸಿದೆ. ಸರಪಳಿಯನ್ನು ಹದಿನಾರು ಪಾಲು ಮಾಡಿ ಒಂದೊಂದು ಪಾಲಿಗೂ ಆಣೆ ಎಂದು ಹೆಸರಿಟ್ಟಿದ್ದರು, ರೂಪಾಯಿಗೆ ಹದಿನಾರಾಣೆ ಇದ್ದ ಹಾಗೆ. ನೆಲ ಕಂಡ ಕೂಡಲೇ ಕಂದಾಯ ನೆನಪಾಗುತ್ತಿದ್ದವರು ಇನ್ನೇನು ಹೆಸರಿಟ್ಟಾರು ಎಂದೆ. ಮಕ್ಕಳು ನಕ್ಕರು. ನಿದ್ದೆ ಹಾರಿಹೋಗಿತ್ತು.

ಮರುದಿನ ಊರಿನ ಹಳೆಯ ಗ್ರಾಮ ನಕ್ಷೆಯ ಪ್ರತಿ ತಂದು ಗೋಡೆಗೆ ಅಂಟಿಸಿದೆ. ಈಗ ಅದು ಇಂಟರ್‌ನೆಟ್ಟಿನಲ್ಲೇ ಸಿಗುತ್ತದೆ. ಮದ್ದೂರು ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ಹಾಳೆಗೆ ಹಿಗ್ಗಿಸಿಕೊಂಡಿದ್ದೆ. ಮಕ್ಕಳು ಮುಗಿಬಿದ್ದು ತಮ್ಮ ತಮ್ಮ ಹೊಲದ ಸರ್ವೆ ನಂಬರು ಹುಡುಕಿದರು. ಕೆರೆ ಇತ್ತು, ಗೋಮಾಳ ಇತ್ತು, ಗಡಿಕಲ್ಲುಗಳಿದ್ದವು, ಬಂಡಿ ದಾರಿ ಕೂಡ ಚುಕ್ಕಿ ಚುಕ್ಕಿಯಾಗಿ ಇತ್ತು. ನಡುವೆ ಊರು ಇರಬೇಕಾದ ಕಡೆ ಖಾಲಿ ಬಿಳಿ ಜಾಗ.

"ಮನೆಗಳೆಲ್ಲಿ ಮಿಸ್?" ಎಂದು ಒಬ್ಬ ಹುಡುಗಿ ಕೇಳಿದಳು. ಸಣ್ಣ ಮೈಕಟ್ಟಿನ, ಮಾತು ಕಡಿಮೆಯ, ಆದರೆ ಕೇಳಿದರೆ ಸರಿಯಾದುದನ್ನೇ ಕೇಳುವ ಹುಡುಗಿ. ಊರಿನ ಕೆಳಗಿನ ಕೇರಿಯವಳು. ತಾಯಿ ಮದ್ದೂರಿನ ಆಸ್ಪತ್ರೆಯೊಂದರಲ್ಲಿ ನರ್ಸು.

"ಮನೇಗೆ ಕಂದಾಯ ಇರ್ನಿಲ್ಲ ಅನ್ಸುತ್ತೆ, ಅದ್ಕೆ ಬುಟ್ಟವ್ರೆ" ಎಂದ ಮುಂದಿನ ಬೆಂಚಿನ ಹುಡುಗ. ಊರ ಗುಡಿಯ ಯಜಮಾನರ ಮೊಮ್ಮಗ ಅವನು. ಲೆಕ್ಕದಲ್ಲಿ ಜೋರು, ವಾದದಲ್ಲಿ ಅದಕ್ಕಿಂತ ಜೋರು.

ನನಗೆ ಎಷ್ಟು ಖುಷಿಯಾಯಿತೆಂದರೆ ಹಿಂದುಮುಂದು ನೋಡದೆ ಮಾತು ಕೊಟ್ಟುಬಿಟ್ಟೆ. ಅವರು ಬಿಟ್ಟದ್ದನ್ನು ನಾವು ಅಳೆಯೋಣ, ಆ ಬಿಳಿ ಜಾಗವನ್ನು ಅವರದೇ ಸರಪಳಿಯಿಂದ ತುಂಬೋಣ, ತಾಲ್ಲೂಕು ಮಟ್ಟದ ವಸ್ತುಪ್ರದರ್ಶನಕ್ಕೆ ಅದನ್ನೇ ಒಯ್ಯೋಣ ಎಂದೆ. ಆಮೇಲೆ ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯೋಣ, ಪ್ರತಿ ಮನೆಯೂ ಇರಬೇಕು ಎಂದೂ ಸೇರಿಸಿದೆ. ಮುಖ್ಯೋಪಾಧ್ಯಾಯರು ಮಳವಳ್ಳಿ ಕಡೆಯಿಂದ ದಿನಾ ಬೈಕಿನಲ್ಲಿ ಬರುವ ನಿಧಾನದ ಮನುಷ್ಯ. "ಪಾಠ ಉಳಿದುಹೋಗದಂಗೆ ನೋಡ್ಕೊಳ್ಳಿ ಮೇಡಂ" ಎಂದಷ್ಟೇ ಅಂದರು. ಪ್ರದರ್ಶನಕ್ಕೆ ಒಂದು ತಿಂಗಳಿತ್ತು. ತಿಂಗಳು ಬೇಕಾದಷ್ಟಾಯಿತು ಎಂದುಕೊಂಡೆ.

ಮೊದಲ ಪೆಟ್ಟು ಸರಪಳಿಯಿಂದಲೇ ಬಿತ್ತು. ದನ ಕಟ್ಟುವ ನೈಲಾನ್ ಹಗ್ಗದಲ್ಲಿ ಮಾಡಿದ್ದೆವು. ಬೆಳಿಗ್ಗೆ ಮೂವತ್ಮೂರು ಅಡಿ ಇದ್ದದ್ದು ಎಳೆದೆಳೆದು ಮಧ್ಯಾಹ್ನಕ್ಕೆ ಗೇಣುದ್ದ ಬೆಳೆದಿತ್ತು. ಅದನ್ನು ಎಸೆದು ಬಟ್ಟೆ ಒಣಹಾಕುವ ತಂತಿ ತಂದೆವು. ಎರಡು ಅಡಿ ಮುಕ್ಕಾಲು ಇಂಚಿಗೊಂದರಂತೆ ಆಣೆಯ ಗುರುತು ಕಟ್ಟಿ, ನಾಲ್ಕು ಆಣೆಗೊಮ್ಮೆ ಕೆಂಪು ಬಟ್ಟೆಯ ಚೂರು ಸುತ್ತಿದೆವು. ಎರಡನೇ ಪೆಟ್ಟು ಗುರಿಗಂಬದ್ದು. ದೂರದಿಂದ ಕಾಣಲೆಂದು ಮೂಲೆಮೂಲೆಗೆ ಉದ್ದನೆಯ ಕಬ್ಬಿನ ಜಲ್ಲೆ ನೆಟ್ಟಿದ್ದರು. ನಾನು ಮೂರನೇ ಮೂಲೆಗೆ ಹೋಗಿ ನಿಂತು ಹಿಂದೆ ನೋಡಿದರೆ ಮೊದಲನೇ ಮೂಲೆಯ ಗುರಿಗಂಬ ಸಿಪ್ಪೆಯಾಗಿ ನೆಲದ ಮೇಲಿತ್ತು. ಮಂಡ್ಯ ಜಿಲ್ಲೆಯಲ್ಲಿ ಕಬ್ಬನ್ನು ನೆಟ್ಟು ಕಾಯಲು ಮಕ್ಕಳನ್ನು ಬಿಟ್ಟದ್ದು ನನ್ನದೇ ಬುದ್ಧಿವಂತಿಕೆ. ಮರುದಿನದಿಂದ ಸುಣ್ಣ ಬಳಿದ ಬಿದಿರು.

ಕೆಲಸದ ಕ್ರಮ ಹೀಗಿತ್ತು. ತಂತಿಯ ಮುಂದಿನ ತುದಿ ಹಿಡಿದು ನಡೆಯುವವರು ಮುಂದಾಳು, ಹಿಂದಿನ ತುದಿ ಹಿಡಿದು ನಿಲ್ಲುವವರು ಹಿಂದಾಳು. ತಂತಿ ಬಿಗಿಯಾದ ಕೂಡಲೇ ಮುಂದಾಳು ಒಂದು ಸೈಕಲ್ ಕಡ್ಡಿಯನ್ನು ನೆಲಕ್ಕೆ ಚುಚ್ಚಿ ಕೂಗಬೇಕು. ಹಿಂದಾಳು ಆ ಕೂಗನ್ನೇ ತಿರುಗಿ ಕೂಗಿ, ನಡೆದು ಬಂದು ಕಡ್ಡಿ ಕಿತ್ತುಕೊಳ್ಳಬೇಕು. ಹಿಂದಾಳಿನ ಕೈಲಿ ಎಷ್ಟು ಕಡ್ಡಿಯೋ ಅಷ್ಟು ಸರಪಳಿ. ಪ್ರತಿ ಬೀದಿಯನ್ನೂ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಅಳೆಯಬೇಕು. ಮೂಲೆ ಬಂದಾಗ ಸ್ಟೂಲಿನ ಮೇಲೆ ಶಾಲೆಯ ಕೇರಂ ಬೋರ್ಡ್ ಇಟ್ಟು, ಅದಕ್ಕೆ ಹಾಳೆ ಅಂಟಿಸಿ, ದಿಕ್ಸೂಚಿ ನೋಡಿ ತಿರುಗಿಸಿ, ಸ್ಕೇಲಿನ ಅಂಚಿನಲ್ಲಿ ಮುಂದಿನ ಬಿದಿರನ್ನು ಗುರಿಹಿಡಿದು ಗೆರೆ ಎಳೆಯಬೇಕು. ಒಂದು ಸರಪಳಿಗೆ ಒಂದು ಸೆಂಟಿಮೀಟರ್.

ಮುಂದಾಳಾಗಲು ಎಲ್ಲರಿಗೂ ಆಸೆ. ಆದರೆ ಅತ್ತಿತ್ತ ವಾಲದೆ ನೇರ ನಡೆಯಲು ಬಂದದ್ದು ಕೇರಿಯ ಹುಡುಗಿಗೊಬ್ಬಳಿಗೇ. ಹಿಂದಾಳು ಯಜಮಾನರ ಮೊಮ್ಮಗ, ಕಡ್ಡಿಯ ಲೆಕ್ಕವನ್ನು ಅವನಿಂದ ಯಾರೂ ಕಿತ್ತುಕೊಳ್ಳಲಾಗಲಿಲ್ಲ. ಇಬ್ಬರೂ ಊರಿಡೀ ಜಗಳವಾಡಿಕೊಂಡೇ ಅಳೆದರು. "ಎಳ್ಯಮ್ಮಿ, ಸಡ್ಲ ಅದೆ" ಎಂದು ಅವನು. "ನೀನ್ ನೆಟ್ಗೆ ನಿಂತ್ಕೊಳ್ಲಾ ಮೊದ್ಲು" ಎಂದು ಅವಳು. ಹೆಂಗಸರು ಬಾಗಿಲಿಗೆ ಬಂದು ನೋಡುತ್ತಿದ್ದರು. "ರಸ್ತೆ ಅಗಲ ಮಾಡ್ತರೇನಮ್ಮ? ನಮ್ ಜಗ್ಲಿ ಓಯ್ತದಾ?" ಎಂದು ಒಬ್ಬಾಕೆ ನನ್ನನ್ನೇ ಅಡ್ಡಹಾಕಿದರು. ಪಾಠ ಕಣಮ್ಮ ಅಂದರೆ ನಂಬಲಿಲ್ಲ.

ಶಾಲೆಯ ಗೇಟಿನಿಂದ ಹೊರಟು, ದೊಡ್ಡ ಬೀದಿಯಲ್ಲಿ ಗುಡಿಯವರೆಗೆ, ಅಲ್ಲಿಂದ ಕೇರಿ, ಕೇರಿಯಿಂದ ನಾಲೆ ಏರಿ, ಏರಿ ಮೇಲೆ ನಡೆದು ಮತ್ತೆ ಶಾಲೆಯ ಗೇಟು. ಇಡೀ ಊರಿಗೆ ಒಂದು ಸುತ್ತು. ನೆಲದ ಮೇಲೆ ಹೊರಟಲ್ಲಿಗೇ ಬಂದು ಸೇರುತ್ತೇವೆ. ಹಾಗೆಯೇ ಕಾಗದದ ಮೇಲೂ ಕೊನೆಯ ಗೆರೆ ಮೊದಲ ಚುಕ್ಕಿಗೆ ಬಂದು ಮುಟ್ಟಬೇಕು. ಮುಟ್ಟಿದರೆ ನಕ್ಷೆ ಮುಚ್ಚಿಕೊಂಡಿತು ಎನ್ನುತ್ತಿದ್ದೆವು. ಗುಡಿ ಮತ್ತು ಕೇರಿಯ ಅಳತೆಯ ದಿನ ನನಗೆ ಮದ್ದೂರಿನಲ್ಲಿ ಮೀಟಿಂಗು ಬಿತ್ತು. ನಾನಿಲ್ಲ ಎಂದು ಕೆಲಸ ನಿಲ್ಲಿಸಬೇಡಿ ಎಂದು ಹೇಳಿ ಹೋದೆ. ನಿಲ್ಲಿಸಲಿಲ್ಲ.

ಸುತ್ತು ಮುಗಿದ ಸಂಜೆ ತರಗತಿಯೆಲ್ಲ ಕೇರಂ ಬೋರ್ಡಿನ ಸುತ್ತ ನೆರೆದಿತ್ತು. ಹುಡುಗಿ ಕೊನೆಯ ಗೆರೆ ಎಳೆದಳು. ನಕ್ಷೆ ಮುಚ್ಚಿಕೊಳ್ಳಲಿಲ್ಲ. ಕೊನೆಯ ಗುರುತಿಗೂ ಮೊದಲ ಚುಕ್ಕಿಗೂ ನಡುವೆ ಹತ್ತಿರ ಹತ್ತಿರ ಐದು ಸೆಂಟಿಮೀಟರ್ ಬಾಯಿಬಿಟ್ಟಿತ್ತು. ಅಂದರೆ ನೆಲದ ಮೇಲೆ ಐದು ಸರಪಳಿ. ಮಕ್ಕಳ ಕೆಲಸದಲ್ಲಿ ಅರ್ಧ ಸರಪಳಿ ಹೆಚ್ಚುಕಡಿಮೆಯಾದರೆ ಸಹಜ. ಐದು ಸರಪಳಿಯಲ್ಲಿ ಒಂದು ಬೀದಿಯೇ ಕಳೆದುಹೋಗಬಹುದು.

ಆ ವಾರ ನಾನು ನೆಟ್ಟಗೆ ಒಂದು ಕಡೆ ಕೂತದ್ದು ನೆನಪಿಲ್ಲ. ಮೊದಲು ತಂತಿಯ ಮೇಲೆ ಅನುಮಾನ. ಅಂಗಳದಲ್ಲಿ ಹಾಸಿ ಅಳೆದೆ, ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ಆಮೇಲೆ ದಿಕ್ಸೂಚಿ, ವಿದ್ಯುತ್ ಕಂಬದ ಹತ್ತಿರ ಇಟ್ಟು ನೋಡಿದಿರಾ ಎಂದು ಗದರಿದೆ. ಆಮೇಲೆ ಕಡ್ಡಿಯ ಲೆಕ್ಕ. "ಎಲ್ಲೋ ಐದು ಕಡ್ಡಿ ಬಿಟ್ಟಿದ್ದೀಯ ಕಣೋ, ಯೋಚನೆ ಮಾಡು" ಎಂದು ಹಿಂದಾಳನ್ನು ಹಿಡಿದುಕೊಂಡೆ.

ಅವನ ಮುಖ ಕೆಂಪಾಯಿತು. "ಲೆಕ್ಕ ಸರ್ಯಾಗೈತೆ ಮಿಸ್. ಊರೇ ಸರಿ ಇಲ್ಲ" ಎಂದ.

ತರಗತಿ ಗೊಳ್ಳೆಂದಿತು. ನಾನೂ ನಗಬಹುದಿತ್ತು, ಆದರೆ ಅವನನ್ನು ಬೈದು ಕೂರಿಸಿದೆ. ದೊಡ್ಡ ಬೀದಿಯನ್ನು ಮತ್ತೆ ಅಳೆಸಿದೆ. ನಾಲೆ ಏರಿಯನ್ನು ಮತ್ತೆ ಅಳೆಸಿದೆ. ಆಣೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಫೋನಿನ ನಕ್ಷೆ ತೆರೆದರೆ ಹೊಂಗೆ ಮರಗಳ ಹಸಿರು ಮತ್ತು ಶೀಟು ಮನೆಗಳ ಹೊಳಪು ಬಿಟ್ಟು ಏನೂ ತಿಳಿಯಲಿಲ್ಲ. ಮಂಡ್ಯದಿಂದ ಬರುವ ಬಸ್ಸಿನಲ್ಲಿ ಕಿಟಕಿಯ ಧೂಳಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದೆ. ಪಕ್ಕದಲ್ಲಿ ಕೂತವರು ಸರಿದು ಕೂತರು. ಮನೆಯಲ್ಲಿ ಹಾಲು ಉಕ್ಕಿಸಿದೆ, ಎರಡು ಸಲ.

ಪ್ರದರ್ಶನ ಹತ್ತಿರ ಬಂತು. ಮುಖ್ಯೋಪಾಧ್ಯಾಯರು ನನ್ನ ಓಡಾಟ ನೋಡಿ ಕನಿಕರಪಟ್ಟಿರಬೇಕು. "ಮೇಡಂ, ಸರ್ವೆಯೋರೂ ಮಾಡೋದು ಇಷ್ಟೇ. ಉಳಿದಿರೋ ತಪ್ಪನ್ನ ಎಲ್ಲಾ ಗೆರೆಗೂ ಸ್ವಲ್ಪ ಸ್ವಲ್ಪ ಹಂಚಿಬಿಡಿ. ಎಲ್ಲಾ ಒಂದೊಂದು ಕೂದಲೆಳೆ ಜರುಗುತ್ತೆ, ಬಾಯಿ ಮುಚ್ಚಿಕೊಳ್ಳುತ್ತೆ. ಯಾರಿಗೂ ಗೊತ್ತಾಗಲ್ಲ" ಎಂದರು.

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಪ್ಪು ಚಿಕ್ಕದಾಗಿದ್ದರೆ ಹಾಗೆ ಹಂಚುವುದು ಒಪ್ಪಿತ ಕ್ರಮವೇ. ಅಷ್ಟು ಹೊತ್ತಿಗೆ ನನಗೂ ಸಾಕಾಗಿತ್ತು. ಹೊಸ ಹಾಳೆ ಹಾಸಿ, ಮುಂದಾಳು ಹಿಂದಾಳು ಇಬ್ಬರನ್ನೂ ಕರೆದು, ಯಾವ ಗೆರೆಯನ್ನು ಎಷ್ಟು ಜರುಗಿಸಬೇಕೆಂದು ಲೆಕ್ಕ ಹೇಳಿಕೊಟ್ಟೆ. ಹುಡುಗ ಬರೆದುಕೊಂಡ. ಹುಡುಗಿ ಪೆನ್ಸಿಲ್ ಮುಟ್ಟಲಿಲ್ಲ.

"ಅಂಗಾದ್ರೆ ನಮ್ಮನೆ ಜರುಗ್ತದಾ ಮಿಸ್?"

"ಎಲ್ಲರ ಮನೆಯೂ ಜರುಗುತ್ತೆ, ಸ್ವಲ್ಪ."

"ಇಷ್ಟು ಅಳ್ದಿದ್ದು ಮತ್ತೆ ಯಾಕೆ? ಇರೋ ಜಾಗ್ದಲ್ಲಿ ಇರ್ಲಿ ಅಂತ ತಾನೆ?" ಎಂದಳು. ಧ್ವನಿ ಏರಿಸಲಿಲ್ಲ. "ಮೊದ್ಲು ಯಾರೂ ಬರೀಲಿಲ್ಲ. ಈಗ ನಾವೇ ಬರ್ದು ತಪ್ಪು ಜಾಗ್ದಲ್ಲಿ ಇಡೋದಾ?"

ನನಗೆ ಸಿಟ್ಟು ಬಂತು, ಅವಳು ಹೇಳಿದ್ದು ಸರಿಯಿದ್ದದ್ದಕ್ಕೇ ಬಂತು. ಹಾಳೆ ಸುತ್ತಿ ಬೀರುವಿನಲ್ಲಿಟ್ಟು ಇಬ್ಬರನ್ನೂ ಮನೆಗೆ ಕಳಿಸಿದೆ.

ಮರುದಿನ ಬಿಡುವಿನಲ್ಲಿ ಒಬ್ಬಳೇ ಕೂತು, ಹಳೆಯ ಹಾಳೆಯನ್ನೇ ತೆಗೆದು, ಬಾಯಿಬಿಟ್ಟ ಜಾಗಕ್ಕೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದೆ. ಕೊನೆಯ ಗುರುತಿನಿಂದ ಮೊದಲ ಚುಕ್ಕಿಗೆ. ಓದುವ ಕಾಲದಲ್ಲಿ ಕಲಿತದ್ದೊಂದು ಆಗ ನೆನಪಿಗೆ ಬಂತು. ತಪ್ಪು ಅಲ್ಲಷ್ಟು ಇಲ್ಲಷ್ಟು ಚೆದುರಿದ್ದರೆ ಈ ಗೆರೆಗೆ ಅರ್ಥವಿಲ್ಲ. ತಪ್ಪು ಒಂದೇ ಕಡೆ ಆಗಿದ್ದರೆ, ಈ ಗೆರೆ ಯಾವ ದಿಕ್ಕಿಗೆ ಬಿದ್ದಿದೆಯೋ ಅದೇ ದಿಕ್ಕಿನ ಬೀದಿಯಲ್ಲಿ ತಪ್ಪಾಗಿರುತ್ತದೆ. ಸೆಟ್‌ಸ್ಕ್ವೇರ್ ಜಾರಿಸುತ್ತಾ ಹುಡುಕಿದೆ. ನಾವು ಅಳೆದ ಯಾವ ಬೀದಿಯೂ ಆ ದಿಕ್ಕಿಗೆ ಇರಲಿಲ್ಲ. ಒಂದೂ ಇಲ್ಲ.

ಕೂರಲಾಗಲಿಲ್ಲ. ದಿಕ್ಸೂಚಿ ಹಿಡಿದು ಬಿಸಿಲಲ್ಲೇ ಹೊರಟೆ. ಆ ದಿಕ್ಕಿಗೆ ಊರಲ್ಲಿ ಯಾವುದಾದರೂ ದಾರಿ ಇದೆಯೇ ಎಂದು ಮೂಲೆಮೂಲೆಗೂ ನಿಂತು ನೋಡಿದೆ. ದೊಡ್ಡ ಬೀದಿ ಅಲ್ಲ. ಮೇಲಿನ ಬೀದಿ ಅಲ್ಲ. ಗುಡಿಯ ಮೂಲೆಗಲ್ಲಿನ ಹತ್ತಿರ ನಿಂತು ಕೇರಿಯ ಕಡೆ ಮುಖ ಮಾಡಿದಾಗ ಸೂಜಿ ಅಲ್ಲಾಡಿ ನಿಂತಿತು. ಕೆಂಪು ಗೆರೆಯ ದಿಕ್ಕು. ಎದುರಿಗೆ ಹೊಂಗೆ ಮರಗಳ ಕೆಳಗೆ ಟಾರು ರಸ್ತೆ ಕೇರಿಯ ನಲ್ಲಿಯವರೆಗೆ ಹೋಗಿತ್ತು. ನಲ್ಲಿಯಲ್ಲಿ ಯಾರೋ ಬಿಂದಿಗೆ ಹಿಡಿದಿದ್ದರು.

ನಮ್ಮ ಹಾಳೆಯಲ್ಲಿ ಗುಡಿ ಕಲ್ಲೂ ಕೇರಿ ನಲ್ಲಿಯೂ ಒಂದೇ ಚುಕ್ಕಿಯಾಗಿದ್ದವು. ನಡುವಿನ ಈ ರಸ್ತೆಯನ್ನು ಯಾರೂ ಅಳೆದಿರಲಿಲ್ಲ. ಊರು ಮುಗಿಯುವ ಕಡೆ ಕೇರಿ ಶುರು. ನಡುವೆ ಒಂದು ಜಾಗ ಇದೆ ಎಂದು ಊರಿನ ಮಕ್ಕಳಿಗೂ ಹೊಳೆದಿಲ್ಲ, ಕೇರಿಯ ಮಕ್ಕಳಿಗೂ ಹೊಳೆದಿಲ್ಲ. ಆ ಒಂದೇ ಚುಕ್ಕಿಯನ್ನು ವಾರವಿಡೀ ನೋಡಿದ ನನಗೂ ಹೊಳೆದಿರಲಿಲ್ಲ, ಏಕೆಂದರೆ ನಾನೂ ಅಂಥದೇ ದೊಡ್ಡ ಬೀದಿಯೊಂದರಲ್ಲಿ ಬೆಳೆದವಳು. ಅಲ್ಲಿ ನಿಂತು ಬೆವರು ಒರೆಸಿಕೊಂಡೆ. ಊರೇ ಸರಿ ಇಲ್ಲ ಎಂದು ಆ ಹುಡುಗ ಹೇಳಿದಾಗ ನಾನು ಅವನನ್ನು ಬೈದಿದ್ದೆ.

ಇಬ್ಬರನ್ನೂ ಕರೆದು ಕೇಳಿದೆ. ಹುಡುಗ ಪೆಚ್ಚಾದ. "ಊರು ಮುಗೀತು, ಕೇರಿ ಬಂತು. ಮದ್ಯ ಏನೈತೆ ಮಿಸ್?"

ಹುಡುಗಿ ತಲೆ ಎತ್ತಲಿಲ್ಲ. "ಗುಡಿ ತಾವ ನಾನು ತಂತಿ ಇಡ್ದಿರ್ನಿಲ್ಲ. ಬೇರೆಯವ್ರು ಇಡ್ಕೊಂಡಿದ್ರು. ನಾನು ಹಿತ್ಲು ದಾರೀಲಿ ಸುತ್ತಾಕೊಂಡು ನಲ್ಲಿ ತಾವ ಬಂದು ನಿಂತ್ಕೊಂಡೆ. ಅಲ್ಲಿಂದ ತಿರ್ಗಾ ಇಡ್ಕೊಂಡೆ."

"ಹಾಗೆ ಮಾಡು ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ನಿಲ್ಲ ಮಿಸ್. ನಾವು ಅಂಗೇ ಓಗದು."

ಈಗ ಏನು ಮಾಡಬೇಕೆಂಬುದು ಸುಲಭವಾಗಿತ್ತು, ಅದೇ ತೊಂದರೆ. ನಾನೂ ಮುಖ್ಯೋಪಾಧ್ಯಾಯರೂ ತಂತಿ ಹಿಡಿದರೆ ಒಂದು ಗಳಿಗೆಯ ಕೆಲಸ. ಅವರು ಇನ್ನೂ ಒಂದು ದಾರಿ ಹೇಳಿದರು. "ಹುಡುಗ ಗುಡಿ ಹತ್ರ ನಿಂತ್ಕೊಳ್ಳಲಿ, ಹುಡುಗಿ ಕೇರಿ ಕಡೆ ನಡ್ಕೊಂಡು ಹೋಗಲಿ. ಅವರವರು ಅವರವರ ಕಡೆ ಇರ್ತಾರೆ, ಅಳತೆಯೂ ಆಗುತ್ತೆ." ನನಗೂ ಅದು ಹಿಡಿಸಿತು. ಗುಡಿ ಕಟ್ಟೆಯ ಮೇಲೆ ಹಗಲಿಡೀ ಯಜಮಾನರು ಕೂತಿರುತ್ತಾರೆ. ಮಾತು ಬೆಳೆದರೆ ಮಕ್ಕಳನ್ನು ಶಾಲೆ ಬಿಡಿಸುತ್ತಾರೇನೋ, ನನ್ನನ್ನು 'ಜಗಳ ಹಚ್ಚೋ ಮೇಡಂ' ಅನ್ನುತ್ತಾರೇನೋ ಎಂಬ ಭಯ ನನಗಿತ್ತು. ಆದರೆ ಹುಡುಗಿ ಕೇಳಿದ ಒಂದೇ ಪ್ರಶ್ನೆಗೆ ಎಲ್ಲವೂ ತಲೆಕೆಳಗಾಯಿತು. "ವಾಪಸ್ ಅಳತೆ ಯಾರು ಮಾಡ್ತರೆ ಮಿಸ್? ಎಲ್ಲಾ ಬೀದೀಲೂ ಓಗಿ ಬಂದು ಅಳ್ದಿದೀವಿ. ಗುಡಿ ಕಲ್ಲುಗಂಟ ಬರೋವಾಗ್ಲೂ ಮುಂದಾಳು ನಾನೇ ಅಲ್ವಾ?"

ಅವಳ ತಾಯಿಯನ್ನು ಕೇಳದೆ ಮುಂದೆ ಹೆಜ್ಜೆ ಇಡಬಾರದು ಅನ್ನಿಸಿತು. ಆಕೆ ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವ ಬಸ್ಸೂ ನಾನು ಮದ್ದೂರಿನಲ್ಲಿ ಬದಲಿಸಿ ಹತ್ತುವ ಬಸ್ಸೂ ಒಂದೇ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಆಕೆ ಕಿಟಕಿಯಾಚೆ ನೋಡುತ್ತಲೇ ಕೇಳಿಸಿಕೊಂಡರು.

"ನೋಡಿ ಮಿಸ್, ಗುಡಿ ಒಳಕ್ಕೆ ಓಗ್ಬೇಕು ಅಂತ ನಾವ್ಯಾರೂ ಕಾಯ್ಕೊಂಡು ಕೂತಿಲ್ಲ. ನಮಗೆ ನಮ್ ಬುದ್ದ ಅವ್ನೆ, ಮನೇಲೇ ದೀಪ ಅಚ್ಚುತೀವಿ" ಎಂದರು. "ಆದ್ರೆ ರಸ್ತೆ ಎಲ್ಲಾರ್ದೂವೆ. ರಸ್ತೆ ಅಳೀತಾಳೆ, ಅಳೀಲಿ. ಫೋಟೊ ತೆಗ್ಯಂಗಿಲ್ಲ, ವಿಡಿಯೊ ಮಾಡಂಗಿಲ್ಲ. ಏನೋ ದೊಡ್ಡದು ಮಾಡುದ್ವಿ ಅಂತ ಬಾಸಣ ಮಾಡಂಗಿಲ್ಲ. ಬೇರೆ ಬೀದೀಲಿ ಎಂಗೆ ಅಳದ್ಲೋ ಇಲ್ಲೂ ಅಂಗೇ ಅಳೀಬೇಕು. ಆಯ್ತದಾ?"

ಆಗುತ್ತದೆ ಎಂದೆ. ಆಕೆ ಕಣ್ಣು ಮುಚ್ಚಿ ಸೀಟಿಗೆ ಒರಗಿದರು.

ಮೂರನೇ ಪೀರಿಯಡ್ಡಿನಲ್ಲಿ, ಪಾಠದ ಹೊತ್ತಿನಲ್ಲೇ ಹೊರಟೆವು. "ನನ್ನನ್ನು ಕೇಳಬೇಡಿ, ಪಾಠ ಅಂತ ಮಾಡಿ" ಎಂದಿದ್ದ ಮುಖ್ಯೋಪಾಧ್ಯಾಯರು ಛತ್ರಿ ಹಿಡಿದು ಹಿಂದೆಯೇ ಬಂದರು. ಗುಡಿ ಕಲ್ಲಿನಿಂದ ನಲ್ಲಿಯವರೆಗೆ ಹೋಗುವ ಅಳತೆ ಸದ್ದಿಲ್ಲದೆ ಆಯಿತು. ಆಗ ಮುಂದಾಳು ಗುಡಿಯಿಂದ ಒಂದು ಸರಪಳಿ ಆಚೆ, ಹೊಂಗೆ ಮರದ ಕೆಳಗೇ ತಂತಿ ಹಿಡಿದಿದ್ದಳು. ಕಟ್ಟೆಯ ಮೇಲಿದ್ದ ಯಜಮಾನರು ಮೊಮ್ಮಗನನ್ನು ನೋಡಿ, "ಇನ್ನೂ ಮುಗೀನಿಲ್ವೇನ್ಲಾ ನಿಮ್ ದೊಂಬರಾಟ?" ಎಂದು ನಕ್ಕರು.

ಆಮೇಲೆ ವಾಪಸ್ ಅಳತೆ. ಹುಡುಗ ನಲ್ಲಿಯ ಹತ್ತಿರ ನಿಂತ. ಹುಡುಗಿ ತಂತಿ ಹಿಡಿದು ಗುಡಿಯ ಕಡೆ ನಡೆದಳು. ಒಂದು ಕಡ್ಡಿ, ಎರಡು, ಮೂರು, ನಾಲ್ಕು. ಹುಡುಗ ಒಂದೊಂದೇ ಕಿತ್ತುಕೊಂಡು ಮುಂದೆ ಬಂದ. ಕೊನೆಯ ಸರಪಳಿಗೆ ಅವಳು ಹೊರಟಾಗ ಕಟ್ಟೆಯ ಮೇಲೆ ಕೂತಿದ್ದವರು ಇತ್ತ ತಿರುಗಿದರು. ಕಲ್ಲು ಇನ್ನೂ ನಾಲ್ಕಾರು ಹೆಜ್ಜೆ ಇರುವಾಗಲೇ ಅವಳ ಕಾಲು ನಿಂತಿತು.

"ಅಲ್ಲಿಗೇ ಸಾಕು ಬುಡಮ್ಮಿ" ಎಂದರು ಯಜಮಾನರು. ಗದರಲಿಲ್ಲ, ಮೆತ್ತಗೆ ಹೇಳಿದರು. "ಕಲ್ಲು ಕಾಣ್ತಾ ಅದಲ್ಲ, ಉಳ್ದುದ್ನ ಅಂದಾಜು ಬರ್ಕೊ."

ಹುಡುಗಿ ತಿರುಗಿ ನನ್ನ ಮುಖ ನೋಡಿದಳು. ಹೇಳಬೇಕಾದ ಮಾತು ಯಾವುದು, ಭಾಷಣ ಯಾವುದು ಎಂದು ತಿಳಿಯದೆ ನಿಂತೆ. ಹಿಂದಿನಿಂದ ಹುಡುಗನ ದನಿ ಬಂತು. ತಾತ ಹೇಳಿದ್ದು ಅವನಿಗೆ ಕೇಳಿಸಿರಲಿಲ್ಲ. ಅವನ ಕಣ್ಣು ಜೋತಾಡುತ್ತಿದ್ದ ತಂತಿಯ ಮೇಲಿತ್ತು.

"ಎಳ್ಯಮ್ಮಿ! ಸಡ್ಲ ಬುಟ್ಟಿದ್ದೀಯ! ಕಲ್ಲು ಮುಟ್ಟಾಗಂಟ ಓಗು! ಮತ್ತೆ ಮುಚ್ಕೊನಿಲ್ಲ ಅಂದ್ರೆ ಮಿಸ್ಸು ನನ್ನೇ ಬಯ್ಯದು!"

"ಯಾವನ್ಲಾ ಅದು ಅರಚೋದು? ನಮ್ ಉಡ್ಗನಾ?" ಎಂದರು ಯಜಮಾನರು.

ಹುಡುಗಿ ನಡೆದಳು. ಕಲ್ಲಿಗೆ ಪಾದ ತಾಗಿಸಿ ನಿಂತು, ತಂತಿಯನ್ನು ಬಿಗಿಯಾಗಿ ಎಳೆದು, ಬಗ್ಗಿ ಗುರುತು ನೋಡಿದಳು. "ಹದಿನಾಲ್ಕಾಣೆ!" ಎಂದು ಕೂಗಿದಳು. "ನಾಲ್ಕು ಸರಪಳಿ, ಹದಿನಾಲ್ಕಾಣೆ!" ಎಂದು ಹುಡುಗ ತಿರುಗಿ ಕೂಗಿದ. ಹೋಗುವಾಗಿನ ಅಳತೆಯೂ ಅದೇ ಇತ್ತು. ಯಜಮಾನರು ಹೆಗಲಿನ ಟವೆಲ್ ತೆಗೆದು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡು ಕೂತಲ್ಲೇ ಕೂತರು. ಮುಖ್ಯೋಪಾಧ್ಯಾಯರು ಛತ್ರಿ ಮಡಚಿದರು. ಬಿಸಿಲು ಹಾಗೇ ಇತ್ತು.

ಆ ಗೆರೆಯನ್ನು ಸೇರಿಸಿ ಬರೆದಾಗ ನಕ್ಷೆ ಮುಚ್ಚಿಕೊಂಡಿತು. ಪೆನ್ಸಿಲ್ ಮೊನೆಯಷ್ಟು ಉಳಿಯಿತು, ಅಷ್ಟೇ. ಮಕ್ಕಳು ಕೇರಂ ಬೋರ್ಡು ಬಡಿದು ಕೂಗಾಡಿದರು. ನಾನು ಸ್ಟಾಫ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮರುದಿನ ಹುಡುಗ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವರ ಮನೆಗೆ ಹೋಗಲೇ, ಬೇಡವೇ ಎಂದು ಗೇಟಿನವರೆಗೆ ಹೋಗಿ ಹೋಗಿ ಬಂದೆ. ಆಮೇಲೆ ಒಂದು ಬೆಳಿಗ್ಗೆ ಕೈಗೆಲ್ಲ ಗದ್ದೆ ಕೆಸರಿನ ಗುರುತಿದ್ದಂತೆಯೇ ಬಂದು ಕೂತ. "ನಾಟಿ ಇತ್ತು ಮಿಸ್" ಎಂದ. ತಾತ ಏನಂದರು ಎಂದು ಕೇಳಿದೆ. "ಏನೂ ಅನ್ನಿಲ್ಲ. ಅದ್ಕೇ ಬ್ಯಾಸ್ರ ಆಯ್ತದೆ. ಬಯ್ದಿದ್ರೆ ಬಯ್ಸ್ಕೊಬೋದಿತ್ತು" ಎಂದ.

ಮದ್ದೂರಿನ ಪ್ರದರ್ಶನದಲ್ಲಿ ಮೊದಲ ಬಹುಮಾನ ಆತಗೂರು ಕಡೆಯ ಮಕ್ಕಳ ಜ್ವಾಲಾಮುಖಿಗೆ ಹೋಯಿತು. ಸೋಡಾ ಪುಡಿಗೆ ನಿಂಬೆರಸ ಹಾಕಿದರೆ ನೊರೆ ಉಕ್ಕುತ್ತದೆ; ನಮ್ಮ ನಕ್ಷೆಯಲ್ಲಿ ಉಕ್ಕುವಂಥದ್ದು ಏನಿತ್ತು? ತೀರ್ಪುಗಾರರು ಒಂದು ನಿಮಿಷ ನಿಂತು, ಅಕ್ಷರ ದುಂಡಗಿದೆ ಎಂದು ಹೋದರು. ನಮ್ಮವರು ಬಸ್ಸಿನಲ್ಲಿ ವಾಪಸು ಬರುವಾಗ ಜ್ವಾಲಾಮುಖಿಯವರನ್ನು ಬೈದುಕೊಂಡೇ ಬಂದರು.

ಗೋಡೆಯ ನಕ್ಷೆ ಉಳಿದಿತ್ತು. ಹತ್ತು ಪಟ್ಟು ಹಿಗ್ಗಿಸಿ, ಚೌಕ ಚೌಕ ಮಾಡಿ, ಬಣ್ಣದಲ್ಲಿ ಬರೆಯತೊಡಗಿದೆವು. ಬೀದಿಗಳು ಮುಗಿದ ಮೇಲೆ ಮನೆಗಳು. ತಮ್ಮ ಮನೆಯನ್ನು ತಾವೇ ಬರೆಯಬೇಕು ಎಂಬುದು ಮಕ್ಕಳೇ ಮಾಡಿಕೊಂಡ ನಿಯಮ. ಸುದ್ದಿ ಹೋಗಿ ಊರಿನವರು ಒಬ್ಬೊಬ್ಬರೇ ಬಂದು ನೋಡಿ ಹೋಗುತ್ತಿದ್ದರು. ಬಂದವರೆಲ್ಲ ಮೊದಲು ತಮ್ಮ ಮನೆಯ ಮೇಲೆ ಬೆರಳಿಡುತ್ತಿದ್ದರು. ಹಸಿ ಬಣ್ಣ ಮೆತ್ತಿಕೊಂಡು ಬೈಸಿಕೊಳ್ಳುತ್ತಿದ್ದರು.

ಹುಡುಗಿ ಬೆಂಚಿನ ಮೇಲೆ ಹತ್ತಿ ಕೇರಿಯ ಮನೆಗಳನ್ನು ಬರೆಯುತ್ತಿದ್ದ ಸಂಜೆ ಯಜಮಾನರು ಬಂದರು. ನಾನು ಎದ್ದು ನಿಂತೆ. ಅವರು ನನ್ನ ಕಡೆ ನೋಡಲಿಲ್ಲ. ಕನ್ನಡಕ ಹಾಕಿಕೊಂಡು ತಮ್ಮ ಮನೆ ಹುಡುಕಿದರು, ಬೆರಳಿಟ್ಟರು. ಬೆರಳು ದೊಡ್ಡ ಬೀದಿಯಲ್ಲಿ ಮೆಲ್ಲಗೆ ನಡೆದು ಗುಡಿಗೆ ಬಂತು. ಗುಡಿಯಿಂದ ಹೊಂಗೆ ಮರಗಳ ಕೆಳಗಿನ ರಸ್ತೆಗೆ ಬಂದು ಅಲ್ಲಿ ನಿಂತಿತು.

"ನಿಮ್ಮನೆ ಎಲ್ಲವ್ವ ಇದ್ರಲ್ಲಿ?" ಎಂದು ಕೇಳಿದರು.

ಹುಡುಗಿ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದಳು. "ಗುಡಿ ಕಲ್ಲಿಂದ ನಾಲ್ಕು ಸರಪಳಿ ಹದಿನಾಲ್ಕಾಣೆ ತಾತ. ನಲ್ಲಿ ಸಿಗ್ತದೆ. ಅಲ್ಲಿಂದ ಎಡಕ್ಕೆ ಮೂರ್ನೇ ಮನೆ" ಎಂದಳು. ಆಮೇಲೆ, ಯಾರ ಮನೆಗಾದರೂ ಯಾರಾದರೂ ಹೇಳುವ ಹಾಗೆಯೇ, "ಬನ್ನಿ ತಾತ, ಅಮ್ಮ ಮನೇಲವ್ರೆ. ಒಂದ್ಲೋಟ ಟೀ ಕುಡ್ಕೊಂಡು ಓಗೋರಂತೆ" ಎಂದಳು.

ಗೋಡೆಯ ಮೇಲಿನ ಬೆರಳು ಅಲ್ಲಾಡಲಿಲ್ಲ. ಹೋಗಿ, ಈಗಲೇ ಹೋಗಿ ಎಂದು ಕೂಗಿಬಿಡುವಷ್ಟು ತಳಮಳ ನನಗೆ. ಅವರು ಬೆರಳು ತೆಗೆದು, ಕನ್ನಡಕ ಮಡಚಿ ಜೇಬಿಗಿಟ್ಟುಕೊಂಡರು.

"ಬತ್ತೀನಿ ಬುಡವ್ವ" ಎಂದರು.

ಅದಾದ ಮೇಲೆ ಬೇಸಿಗೆ ರಜೆ ಬಂದು ಹೋಯಿತು, ಆ ಮಕ್ಕಳೀಗ ಹತ್ತನೇ ತರಗತಿ. ಪ್ರತಿ ಸೋಮವಾರ ಅವಳನ್ನು ಕೇಳುತ್ತೇನೆ, ಕೇಳಬಾರದು ಎಂದುಕೊಂಡರೂ ಕೇಳುತ್ತೇನೆ. "ಇನ್ನೂ ಬಂದಿಲ್ಲ ಮಿಸ್" ಎನ್ನುತ್ತಾಳೆ. ನಾಲ್ಕು ಸರಪಳಿ ಹದಿನಾಲ್ಕಾಣೆ. ನಮ್ಮ ಶಾಲೆಯ ಅಂಗಳ ಅದಕ್ಕಿಂತ ಉದ್ದವಿದೆ.